ಬೇರನ್ನು ನಂಬಿದ ಅಣಬೆ

'ನಾಯಿಕೊಡೆಗಳಂತೆ ತಲೆಯೆತ್ತಿದವು' ಎಂಬುದು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಬಿತ್ತದೆ ಹುಟ್ಟುವ, ಬೇಡವೆಂದರೂ ಹೆಚ್ಚುವ, ಹೆಚ್ಚಿದರೂ ಬಾಳದ ವಸ್ತುಗಳನ್ನು ಕುರಿತು ಈ ಮಾತನ್ನು ಆಡುತ್ತೇವೆ. ಮುಂಗಾರಿನ ಮೊದಲ ಮಳೆ ಬಿದ್ದು ಗುಡುಗು ಮೊಳಗಿದ ಮರುದಿನ ಗೊಬ್ಬರಗುಂಡಿಯ ಅಂಚಿನಲ್ಲಿಯೂ ಹುತ್ತದ ಮಗ್ಗುಲಲ್ಲಿಯೂ ಬಿಳಿಯ ಕೊಡೆಗಳು ಸಾಲುಸಾಲಾಗಿ ಎದ್ದು ನಿಲ್ಲುವುದನ್ನು ಕಂಡವರಿಗೆ, ಅಣಬೆ ಎಂಬುದು ಎಂದಾದರೂ ವಿರಳವಾಗಬಹುದು, ಅದರ ಸಂತತಿಯೂ ಅಳಿದುಹೋಗಬಹುದು ಎಂದರೆ ನಂಬಿಕೆ ಬರುವುದು ಕಷ್ಟ. ಹುಲಿ ಅಳಿಯಬಹುದು, ಶ್ರೀಗಂಧ ಅಳಿಯಬಹುದು. ಆದರೆ ನಾಯಿಕೊಡೆಗೇನು ಅಳಿವು?

ಆದರೂ ಅಂಥದೊಂದು ಅಣಬೆ ಈ ಭೂಮಿಯ ಮೇಲಿದೆ. ಅದು ಮಳೆಯೊಂದನ್ನೇ ನಂಬಿ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ ಮರ ಬೇರೆ, ಬೇಕಾದ ಮಣ್ಣು ಬೇರೆ. ಆ ಮರವನ್ನು ಕಡಿದ ಜಾಗದಲ್ಲಿ ಎಷ್ಟು ಮಳೆ ಸುರಿದರೂ ಅದು ಮತ್ತೆ ತಲೆಯೆತ್ತುವುದಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಜನ ಅದನ್ನು 'ಲೋಯೋ' ಎಂದು ಕರೆಯುತ್ತಾರೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣ ಒಕ್ಕೂಟದ ಕೆಂಪು ಪಟ್ಟಿಯಲ್ಲಿ, ಅಳಿವಿನ ಅಪಾಯಕ್ಕೆ ಸಿಲುಕಿದ ಜೀವಿಗಳ ಸಾಲಿನಲ್ಲಿ, ಇಂದು ಅದರ ಹೆಸರಿದೆ. ಒಂದು ಅಣಬೆ ಅಂಥ ಪಟ್ಟಿಯನ್ನು ಸೇರಿದ್ದು ಹೇಗೆ ಎಂಬುದು ಒಂದು ಕಾಡಿನ ಕಥೆ. ಕಾಡನ್ನು ನೆಚ್ಚಿದ ಒಂದು ಜನಾಂಗದ ಕಥೆಯೂ ಹೌದು.

ಮಣ್ಣಿನ ಮಕ್ಕಳ ಅಣಬೆ

ಭೂಪಟದಲ್ಲಿ ಚಿಲಿ ಒಂದು ಉದ್ದನೆಯ ಪಟ್ಟಿಯಂತೆ ಕಾಣುವ ದೇಶ. ಪೂರ್ವಕ್ಕೆ ಆಂಡೀಸ್ ಪರ್ವತದ ಹಿಮಶಿಖರಗಳು, ಪಶ್ಚಿಮಕ್ಕೆ ಶಾಂತಸಾಗರ. ಉತ್ತರದಲ್ಲಿ ಹನಿ ಮಳೆಯೂ ಕಾಣದ ಮರುಭೂಮಿ. ದಕ್ಷಿಣಕ್ಕೆ ಇಳಿದಂತೆ ಮಳೆ ಹೆಚ್ಚುತ್ತ, ಮಂಜು ಕವಿಯುತ್ತ, ಕೊನೆಗೆ ದಟ್ಟವಾದ ಕಾಡು. ಬಯೊಬಿಯೊ ನದಿಯಿಂದ ಮುಂದಕ್ಕೆ ಹರಡಿದ ಈ ತಂಪು ನಾಡು ಮಾಪುಚೆ ಜನರ ತವರು. ಅವರ ನುಡಿಯಲ್ಲಿ 'ಮಾಪು' ಎಂದರೆ ಮಣ್ಣು, 'ಚೆ' ಎಂದರೆ ಜನ. ಮಣ್ಣಿನ ಜನ ಎಂದೇ ತಮ್ಮನ್ನು ಕರೆದುಕೊಂಡ ಈ ಸಮುದಾಯ ಚಿಲಿಯ ಮೂಲನಿವಾಸಿಗಳಲ್ಲಿ ಅತಿ ದೊಡ್ಡದು. 2017ರ ಜನಗಣತಿಯಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ತಾವು ಮಾಪುಚೆಗಳೆಂದು ಹೇಳಿಕೊಂಡರು.

ಲೋಯೋ ಎಂಬುದೂ ಅವರ ನುಡಿಯದೇ ಮಾತು. ವಿಜ್ಞಾನಿಗಳು ಈ ಅಣಬೆಗೆ ಲ್ಯಾಟಿನ್ ಹೆಸರಿಡುವಾಗ ಆ ಮಾತನ್ನು ಬಿಡದೆ 'ಬೊಲೀಟಸ್ ಲೋಯೋ' ಎಂದೇ ಕರೆದರು. 2014ರಲ್ಲಿ ಅಮೆರಿಕದ ಇಬ್ಬರು ಶಿಲೀಂಧ್ರ ಶಾಸ್ತ್ರಜ್ಞರು, ಬೆಣ್ಣೆಯಂತೆ ಹಳದಿಯಾದ ಬೊಲೀಟಸ್‌ಗಳನ್ನು ಬೇರ್ಪಡಿಸಿ 'ಬ್ಯುಟಿರಿಬೊಲೀಟಸ್' ಎಂಬ ಹೊಸ ಕುಲವನ್ನು ಕಟ್ಟಿದರು. ಆಮೇಲೆ ಲೋಯೋ ಕೂಡ ಆ ಕುಲಕ್ಕೆ ಸೇರಿತು. ಕುಲದ ಹೆಸರು ಬದಲಾದರೂ ಮಾಪುಚೆಗಳು ಕೊಟ್ಟ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಅಣಬೆ ಎಂದೊಡನೆ ಕೊಡೆಯ ಅಡಿಯಲ್ಲಿ ಕಡ್ಡಿ ಹರಡಿದಂತೆ ತೆಳ್ಳನೆಯ ಪದರಗಳಿರುವ ರೂಪ ನಮ್ಮ ಕಣ್ಣ ಮುಂದೆ ಬರುತ್ತದೆ. ಬೊಲೀಟಸ್ ಜಾತಿಯ ಅಣಬೆಗಳಲ್ಲಿ ಆ ಪದರಗಳಿಲ್ಲ. ಕೊಡೆಯನ್ನು ಮಗುಚಿ ನೋಡಿದರೆ ಜೇನುಹಟ್ಟಿನ ಕಣ್ಣುಗಳಂತೆ ಒತ್ತೊತ್ತಾಗಿ ಸಣ್ಣ ಸಣ್ಣ ರಂಧ್ರಗಳು. ಮುಟ್ಟಿದರೆ ಸ್ಪಂಜಿನ ಮೃದುತ್ವ. ಆ ರಂಧ್ರಗಳ ಒಳಗೋಡೆಯಲ್ಲಿ ಬೀಜಾಣುಗಳು ಬಲಿತು, ಧೂಳಿಗಿಂತ ಹಗುರವಾಗಿ ಉದುರಿ, ಗಾಳಿಯಲ್ಲಿ ತೇಲಿಹೋಗುತ್ತವೆ. ಲೋಯೋ ಈ ಕುಟುಂಬದ ದೈತ್ಯ. ಕೊಡೆಯ ಅಗಲ ಒಂದು ಅಡಿಯನ್ನು ಮುಟ್ಟುವುದುಂಟು. ಮೇಲ್ಮೈ ದ್ರಾಕ್ಷಾರಸದಂತೆ ಕಡುಗೆಂಪು. ಮಳೆಯಲ್ಲಿ ನೆನೆದಾಗ ಲೋಳೆಯಂತೆ ಜಾರುತ್ತದೆ. ಅಡಿಯ ರಂಧ್ರಗಳು ಹಳದಿ, ಕಾಂಡ ಕೈಹಿಡಿಗೆ ತುಂಬುವಷ್ಟು ದಪ್ಪ. ಉದುರಿದ ತರಗೆಲೆಯ ನಡುವೆ ಮರೆಯಾಗಿ ಮೊಳೆತು, ಎಲೆಗಳನ್ನು ಮೇಲಕ್ಕೆತ್ತಿಕೊಂಡೇ ಅದು ಹೊರಬರುತ್ತದೆ.

ಭೂಮಧ್ಯರೇಖೆಯ ಆಚೆಗೆ ಋತುಗಳು ತಿರುವುಮುರುವು. ನಮಗೆ ಬೇಸಗೆಯ ಸೆಕೆ ಏರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ ಎಲೆಯುದುರುವ ಕಾಲ. ಅದೇ ಲೋಯೋ ಕಾಲ. ಮೊದಲ ಮಳೆ ನೆಲಕ್ಕೆ ಇಳಿದ ಮೇಲೆ ಬುಟ್ಟಿ ಹಿಡಿದು ಕಾಡಿಗೆ ಹೋಗುವುದು ಅಲ್ಲಿನ ಹಳ್ಳಿಗರಿಗೆ ತಲೆಮಾರುಗಳಿಂದ ಬಂದ ರೂಢಿ. ಮನೆಯ ಅಡಿಗೆಗಾಗಿ ಉಳಿದುದು ಪೇಟೆಗೆ ಹೋಗುತ್ತದೆ. ದಕ್ಷಿಣ ಚಿಲಿಯ ಊರುಗಳ ಸಂತೆಗಳಲ್ಲಿ ಲೋಯೋ ಮಾರಾಟವಾಗುತ್ತದೆ. ಕಾಡಿನ ಇಂಥ ಕಿರುಉತ್ಪನ್ನಗಳನ್ನು ಆಯ್ದು ಮಾರುವವರಲ್ಲಿ ಹೆಂಗಸರೇ ಹೆಚ್ಚು. ಹೊಲದ ಫಸಲು ಮುಗಿದು ಚಳಿಗಾಲ ಇನ್ನೂ ಬಾರದ ಆ ನಡುಗಾಲದಲ್ಲಿ ಕೈಗೆ ಬರುವ ನಾಲ್ಕು ಕಾಸು ಅವರಿಗೆ ಸಣ್ಣ ಸಂಗತಿಯಲ್ಲ.

ಬೇರುಗಳ ನಡುವಣ ಒಪ್ಪಂದ

ಲೋಯೋ ಕಾಡನ್ನೇ ಏಕೆ ಹಿಡಿದಿರಬೇಕು? ಭತ್ತದ ಹುಲ್ಲಿನ ಕಂತೆಯಲ್ಲಿ ಅಣಬೆ ಬೆಳೆದು ಮಾರುವುದನ್ನು ಕಂಡವರು ಈ ಪ್ರಶ್ನೆಯನ್ನು ಕೇಳಿಯಾರು. ಉತ್ತರ ಮಣ್ಣಿನೊಳಗಿದೆ.

ನಮ್ಮ ಕಣ್ಣಿಗೆ ಬೀಳುವ ಅಣಬೆ ಶಿಲೀಂಧ್ರದ ಪೂರ್ಣದೇಹವಲ್ಲ. ಮಾವಿನ ಮರಕ್ಕೆ ಹಣ್ಣು ಹೇಗೋ ಶಿಲೀಂಧ್ರಕ್ಕೆ ಅಣಬೆ ಹಾಗೆ. ನಿಜವಾದ ದೇಹ ನೂಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗಳ ಜಾಲವಾಗಿ ವರ್ಷವಿಡೀ ನೆಲದೊಳಗೆ ಹರಡಿರುತ್ತದೆ. ಹುಲ್ಲಿನ ಕಂತೆಯ ಅಣಬೆಯ ಎಳೆಗಳು ಸತ್ತ ಹುಲ್ಲನ್ನು ಕೊಳೆಸಿ ಅದನ್ನೇ ಉಂಡು ಬಾಳುತ್ತವೆ. ಲೋಯೋ ಹಾಗಲ್ಲ. ಅದಕ್ಕೆ ಬೇಕಾದುದು ಜೀವಂತ ಮರದ ಬೇರು.

1885ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಈ ರಹಸ್ಯವನ್ನು ಬಯಲಿಗೆ ತಂದನು. ನೆಲದೊಳಗೆ ಬೆಳೆಯುವ, ಬಹು ಬೆಲೆಯ ಟ್ರಫಲ್ ಎಂಬ ಶಿಲೀಂಧ್ರವನ್ನು ಕೃಷಿ ಮಾಡಲಾದೀತೇ ಎಂದು ಪರೀಕ್ಷಿಸುವ ಕೆಲಸವನ್ನು ಪ್ರಷ್ಯಾದ ಸರಕಾರ ಅವನಿಗೆ ವಹಿಸಿತ್ತು. ಟ್ರಫಲ್ ಬೆಳೆಯುವ ಉಪಾಯ ಅವನಿಗೆ ದೊರೆಯಲಿಲ್ಲ; ದೊರೆತದ್ದು ಅದಕ್ಕಿಂತ ದೊಡ್ಡದು. ಕಾಡಿನ ಮರಗಳ ಎಳೆಬೇರುಗಳ ತುದಿಗೆ ಶಿಲೀಂಧ್ರದ ಎಳೆಗಳು ಕೈಗವಸಿನಂತೆ ಹೊದ್ದುಕೊಂಡಿರುವುದನ್ನು ಅವನು ಕಂಡನು. ಇದು ರೋಗವಲ್ಲ, ಮರಕ್ಕೂ ಶಿಲೀಂಧ್ರಕ್ಕೂ ನಡುವೆ ಇರುವ ಕೊಡುಕೊಳ್ಳುವಿಕೆ ಎಂದು ಸಾರಿ, ಅದಕ್ಕೆ 'ಶಿಲೀಂಧ್ರಬೇರು' ಎಂಬ ಅರ್ಥ ಬರುವ 'ಮೈಕೊರೈಜ' ಎಂಬ ಹೆಸರನ್ನಿಟ್ಟನು. ಅಂದಿನ ಅನೇಕ ಪಂಡಿತರು ಇದನ್ನು ಒಪ್ಪಲಿಲ್ಲ. ಕಾಲ ಸಂದಂತೆ ಫ್ರಾಂಕನ ಮಾತೇ ನಿಂತಿತು.

ಒಪ್ಪಂದದ ಸಾರ ಇಷ್ಟೆ: ಮರ ಬಿಸಿಲಿನಲ್ಲಿ ಸಕ್ಕರೆಯನ್ನು ತಯಾರಿಸಿ ಒಂದು ಪಾಲನ್ನು ಬೇರಿನ ಮೂಲಕ ಶಿಲೀಂಧ್ರಕ್ಕೆ ಕೊಡುತ್ತದೆ, ಶಿಲೀಂಧ್ರ ತನ್ನ ಎಳೆಗಳನ್ನು ಬೇರು ತಲುಪಲಾರದ ಕಡೆಗೆ ಚಾಚಿ ನೀರು, ರಂಜಕ, ಸಾರಜನಕಗಳನ್ನು ತಂದು ಮರಕ್ಕೆ ಒಪ್ಪಿಸುತ್ತದೆ. ದಕ್ಷಿಣ ಚಿಲಿಯಲ್ಲಿ ಈ ಒಪ್ಪಂದಕ್ಕೆ ವಿಶೇಷವಾದ ಬೆಲೆಯಿದೆ. ಅಲ್ಲಿಯ ಮಣ್ಣು ಬಹುಮಟ್ಟಿಗೆ ಜ್ವಾಲಾಮುಖಿಗಳ ಬೂದಿಯಿಂದ ಆದದ್ದು. ಅದರಲ್ಲಿ ರಂಜಕವಿದ್ದರೂ ಮಣ್ಣು ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ; ಜಿಪುಣನ ಪೆಟ್ಟಿಗೆಯಲ್ಲಿಯ ಹಣದಂತೆ ಅದು ಇದ್ದೂ ಇಲ್ಲದ ಸಂಪತ್ತು. ಆ ಪೆಟ್ಟಿಗೆಯನ್ನು ತೆರೆಯುವುದರಲ್ಲಿ ಶಿಲೀಂಧ್ರ ಮರಕ್ಕೆ ನೆರವಾಗುತ್ತದೆ.

ಈ ಒಪ್ಪಂದ ಯಾರು ಯಾರ ನಡುವೆ ಬೇಕಾದರೂ ಏರ್ಪಡುವಂಥದಲ್ಲ. ಲೋಯೋ ನೆಂಟಸ್ತನ ಬೆಳೆಸಿರುವುದು 'ನೊಥೊಫಾಗಸ್' ಎಂಬ ಕುಲದ ಮರಗಳೊಡನೆ ಮಾತ್ರ. ಇವು ದಕ್ಷಿಣಾರ್ಧಗೋಳದ ಬೀಚ್ ಮರಗಳು. ಚಿಲಿ, ಅರ್ಜೆಂಟೀನ, ನ್ಯೂಜಿಲೆಂಡ್, ಆಸ್ಟ್ರೇಲಿಯ, ನ್ಯೂಗಿನಿ, ಹೀಗೆ ಸಾಗರಗಳಾಚೆ ಚೆದುರಿದ ನೆಲಗಳಲ್ಲಿ ಇವು ಕಾಣುತ್ತವೆ. ಆ ನೆಲಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಮಹಾಖಂಡವಾಗಿ ಕೂಡಿಕೊಂಡಿದ್ದುವೆಂಬುದಕ್ಕೆ ಈ ಮರಗಳನ್ನು ಭೂವಿಜ್ಞಾನಿಗಳು ಸಾಕ್ಷಿಯಾಗಿ ಕರೆಯುತ್ತಾರೆ. ಚಿಲಿಯಲ್ಲಿ ಇವುಗಳ ಪೈಕಿ ರೊಬ್ಲೆ, ಕೊಯ್ಗುವೆ, ರೌಲಿ ಎಂಬುವು ಹೆಸರಾದವು. ನಾಟಾಕ್ಕೆ ಒಳ್ಳೆಯ ಮರಗಳು. ಶತಮಾನಗಳ ಕಾಲ ಬಾಳುವಂಥವು.

ಈ ಮರಗಳು ಅಲ್ಲಿಯ ಜನಕ್ಕೆ ವರ್ಷಕ್ಕೆ ಎರಡು ಬಗೆಯ ಶಿಲೀಂಧ್ರದ ಊಟವನ್ನು ಕೊಡುತ್ತವೆ ಎಂಬುದು ಕುತೂಹಲದ ಸಂಗತಿ. ವಸಂತದಲ್ಲಿ ರೊಬ್ಲೆ ಮರದ ಕೊಂಬೆಗಳ ಮೇಲೆ ಕಿತ್ತಳೆ ಛಾಯೆಯ ಸಣ್ಣ ಉಂಡೆಗಳಂತೆ 'ದಿಗ್ವೆಂಞೆ' ಎಂಬ ಶಿಲೀಂಧ್ರ ಗೊಂಚಲುಗೊಂಚಲಾಗಿ ಬಿಡುತ್ತದೆ. ಶರತ್ಕಾಲದಲ್ಲಿ ಮರದ ಬುಡದಲ್ಲಿ ಲೋಯೋ ಏಳುತ್ತದೆ. ದಿಗ್ವೆಂಞೆಯ ದಾಯಾದಿಯೊಂದನ್ನು ಖಂಡದ ದಕ್ಷಿಣ ತುದಿಯಲ್ಲಿ ಕಂಡವನು ಚಾರಲ್ಸ್ ಡಾರ್ವಿನ್. 1830ರ ದಶಕದಲ್ಲಿ ಬೀಗಲ್ ಹಡಗಿನಲ್ಲಿ ಟಿಯೆರಾ ದೆಲ್ ಫ್ಯೂಗೊ ದ್ವೀಪಗಳಿಗೆ ಹೋಗಿದ್ದಾಗ, ಬೀಚ್ ಮರಗಳ ಮೇಲೆ ಬೆಳೆಯುವ ಈ ಶಿಲೀಂಧ್ರವನ್ನು ಅಲ್ಲಿಯ ಜನ ಮುಖ್ಯ ಆಹಾರವಾಗಿ ತಿನ್ನುವುದನ್ನು ನೋಡಿ ಅವನು ಬೆರಗಾದನು. ಅದಕ್ಕೆ ಇಂದಿಗೂ ಡಾರ್ವಿನ್ನನ ಹೆಸರೇ ಇದೆ.

ಗೋಧಿ ಹೋಯಿತು, ಪೈನ್ ಬಂದಿತು

ಸ್ಪೇನಿನವರು ಚಿಲಿಯನ್ನು ಗೆದ್ದರೂ ಬಯೊಬಿಯೊ ನದಿಯ ದಕ್ಷಿಣಕ್ಕೆ ಮಾಪುಚೆಗಳನ್ನು ಮಣಿಸಲಾರದೆ ಹೋದರು. ಸ್ವತಂತ್ರ ಚಿಲಿಯ ಸೇನೆ ಆ ನಾಡನ್ನು ಪೂರ್ತಿಯಾಗಿ ವಶಪಡಿಸಿಕೊಂಡದ್ದು 1861 ರಿಂದ 1883ರವರೆಗಿನ ಕಾಲದಲ್ಲಿ. ಅಲ್ಲಿಂದ ಮುಂದೆ ನೆಲ ಹೊಸ ಒಡೆಯರಿಗೆ ಹಂಚಿಹೋಯಿತು. ಮಾಪುಚೆಗಳ ಪಾಲಿಗೆ ಉಳಿದದ್ದು ತುಂಡುಭೂಮಿ. ಬಂದು ನೆಲಸಿದವರು ಕಾಡಿಗೆ ಬೆಂಕಿಯಿಟ್ಟು ಬಯಲು ಮಾಡಿ ಗೋಧಿಯನ್ನು ಬಿತ್ತಿದರು. ಕೆಲವು ಕಾಲ ಬೆಳೆ ಹುಲುಸಾಗಿ ಬಂದಿತು. ಆಮೇಲೆ ಇಳಿಜಾರಿನ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಯಿತು. ಕರಾವಳಿಯ ಗುಡ್ಡಗಳ ಮೈ ಕೊರಕಲುಬಿದ್ದು ಕೆಂಪಾಯಿತು.

ಆ ಕೊರಕಲನ್ನು ಮುಚ್ಚಲು ಬಂದದ್ದು ಪೈನ್ ಮರ. ಇದರಲ್ಲೊಂದು ವಿಧಿಯ ವಿನೋದವಿದೆ. 1849ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನದ ಬೇಟೆಗೆ ಜನ ಮುಗಿಬಿದ್ದಾಗ ಅವರ ಹೊಟ್ಟೆ ತುಂಬಲು ಗೋಧಿ ಹಿಟ್ಟು ಹೋದದ್ದು ಚಿಲಿಯಿಂದ. ಆ ಶತಮಾನ ಮುಗಿಯುವುದರೊಳಗೆ ಅದೇ ಕ್ಯಾಲಿಫೋರ್ನಿಯದಿಂದ ಚಿಲಿಗೆ ಬಂದದ್ದು ಮಾಂಟೆರೆ ಪೈನ್. ತನ್ನ ತವರಿನಲ್ಲಿ ಕರಾವಳಿಯ ಕೆಲವೇ ತುಣುಕುಗಳಿಗೆ ಸೀಮಿತವಾದ ಈ ಮರ ಚಿಲಿಯ ಹವೆಗೆ ಎಷ್ಟು ಒಗ್ಗಿತೆಂದರೆ, ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಕಡಿಯಲು ಬರುವಷ್ಟು ದಪ್ಪವಾಗತೊಡಗಿತು. 1974ರಲ್ಲಿ ಸೈನಿಕ ಸರಕಾರ 701ನೆಯ ಸಂಖ್ಯೆಯ ಶಾಸನವನ್ನು ಹೊರಡಿಸಿ, ಗಿಡ ನೆಡುವ ವೆಚ್ಚದಲ್ಲಿ ನೂರಕ್ಕೆ 75 ಪಾಲನ್ನು ಬೊಕ್ಕಸದಿಂದ ಕೊಡುವ ಏರ್ಪಾಡು ಮಾಡಿತು. ಪೈನ್ ಬೆಳೆಯಿತು, ಅದರ ಹಿಂದೆಯೇ ನೀಲಗಿರಿಯೂ ಬೆಳೆಯಿತು. ಇಂದು ಚಿಲಿಯಲ್ಲಿ 20 ಲಕ್ಷ ಹೆಕ್ಟೇರಿಗೂ ಮೀರಿ ಇಂಥ ನೆಡುತೋಪುಗಳಿವೆ. ಕಾಗದದ ತಿರುಳು, ಹಲಗೆ, ಮರದ ಪುಡಿ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತವೆ. ದೇಶಕ್ಕೆ ಅದು ದೊಡ್ಡ ವರಮಾನ.

ಪೈನನ್ನು ನೆಟ್ಟದ್ದು ಬೋಳುಗುಡ್ಡಗಳಲ್ಲಿ ಮಾತ್ರವಾಗಿದ್ದರೆ ಹೇಳುವುದೇನೂ ಇರಲಿಲ್ಲ. ಕಾಡನ್ನು ಕಡಿದೂ ನೆಟ್ಟರು. ಮಧ್ಯ ಚಿಲಿಯ ಮಾವುಲೆ ನದಿಯ ದಕ್ಷಿಣದ ಕರಾವಳಿ ಬೆಟ್ಟಗಳನ್ನು ಉಪಗ್ರಹದ ಚಿತ್ರಗಳಿಂದ ಅಳೆದು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, 1975 ರಿಂದ 2000ದವರೆಗಿನ 25 ವರ್ಷಗಳಲ್ಲಿ ಅಲ್ಲಿಯ ನಿಸರ್ಗದ ಕಾಡು ನೂರಕ್ಕೆ 67 ಪಾಲು ಮಾಯವಾಯಿತು. ಉಳಿದದ್ದೂ ಹರಿದ ಬಟ್ಟೆಯ ಚೂರುಗಳಂತೆ ಪೈನ್ ತೋಪುಗಳ ನಡುವೆ ಅಲ್ಲಲ್ಲಿ ಸಿಕ್ಕಿಕೊಂಡಿತು.

ವಿಮಾನದಲ್ಲಿ ಕುಳಿತು ನೋಡುವವನಿಗೆ ಎರಡೂ ಹಸಿರೇ. ಆದರೆ ಲೋಯೋ ಪಾಲಿಗೆ ಎರಡಕ್ಕೂ ಅಜಗಜಾಂತರ. ಪೈನ್ ಮರದ ಬೇರಿನೊಡನೆ ಅದಕ್ಕೆ ಮಾತುಕತೆಯಿಲ್ಲ. ಬೀಚ್ ಮರದ ಬೇರು ಸತ್ತೊಡನೆ ಲೋಯೋಗೆ ಬರುತ್ತಿದ್ದ ಸಕ್ಕರೆ ನಿಂತುಹೋಗುತ್ತದೆ. ಎಷ್ಟು ದಶಕಗಳಿಂದ ಹಬ್ಬಿದ್ದ ಜಾಲವಾದರೂ ನೆಲದೊಳಗೇ ಸೊರಗುತ್ತದೆ. ಅದರ ಸಾವನ್ನು ಯಾರೂ ಕಾಣುವುದಿಲ್ಲ. ಮುಂದಿನ ಶರತ್ಕಾಲದಲ್ಲಿ ಅಣಬೆ ಏಳದಿದ್ದಾಗಲೇ ಅದು ಇಲ್ಲವೆಂಬುದು ತಿಳಿಯುವುದು.

ಇನ್ನೂ ಒಂದು ವೈಚಿತ್ರ್ಯವನ್ನು ಇಲ್ಲಿ ಹೇಳಬೇಕು. ಪೈನ್ ಮರಕ್ಕೂ ತನ್ನದೇ ಶಿಲೀಂಧ್ರಗಳು ಬೇಕು. ದಕ್ಷಿಣಾರ್ಧಗೋಳದ ಹಲವು ದೇಶಗಳಲ್ಲಿ ಮೊದಲು ತಂದು ನೆಟ್ಟ ಪೈನ್ ಸಸಿಗಳು ಏಳಿಗೆಯಾಗದೆ ಸೊರಗಿದುವು; ತವರಿನ ಮಣ್ಣಿನೊಡನೆ ಶಿಲೀಂಧ್ರಗಳೂ ಬಂದ ಮೇಲೆಯೇ ಚೇತರಿಸಿಕೊಂಡುವು. ಹೀಗೆ ಪೈನಿನ ಜೊತೆಗೆ ಚಿಲಿಗೆ ಬಂದು ನೆಲಸಿದ 'ಸುಯಿಲಸ್ ಲೂಟಿಯಸ್' ಎಂಬ ಅಣಬೆಯೂ ಬೊಲೀಟಸ್‌ಗಳ ಬಳಗದ್ದೇ. ಇಂದು ಅದು ಪೈನ್ ತೋಪುಗಳಲ್ಲಿ ರಾಶಿರಾಶಿಯಾಗಿ ಏಳುತ್ತದೆ. ಹಳ್ಳಿಗರು ಅದನ್ನು ಆಯುತ್ತಾರೆ. ಒಣಗಿದ ಹೋಳುಗಳು ಹೊರದೇಶಗಳಿಗೆ ಮಾರಾಟಕ್ಕೆ ಹೋಗುತ್ತವೆ. ಬಂದ ಮರದೊಡನೆ ಬಂದ ಅಣಬೆ ಸಮೃದ್ಧವಾಗಿದೆ. ಹೋದ ಮರದೊಡನೆ ನೆಲದ ಅಣಬೆ ಹೋಗುತ್ತಿದೆ. ಮರ ಅಣಬೆಗಳ ಬೆಸುಗೆ ಎಷ್ಟು ಗಟ್ಟಿಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇದರ ಮೇಲೆ ಬರ ಮತ್ತು ಬೆಂಕಿ. 2010 ರಿಂದ ಮಧ್ಯ ಚಿಲಿಯಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ಕೊರತೆಬಿದ್ದು ದೀರ್ಘವಾದ ಬರಗಾಲ ಕಾಡಿತು. 2017ರ ಬೇಸಗೆಯಲ್ಲಿ ಎದ್ದ ಕಾಳ್ಗಿಚ್ಚಿಗೆ 5 ಲಕ್ಷ ಹೆಕ್ಟೇರಿಗೂ ಮೀರಿದ ಪ್ರದೇಶ ಆಹುತಿಯಾಯಿತು. ಒತ್ತಾಗಿ, ಒಂದೇ ವಯಸ್ಸಿನವಾಗಿ, ರಾಳ ತುಂಬಿ ನಿಂತ ಪೈನ್ ತೋಪುಗಳಲ್ಲಿ ಬೆಂಕಿ ಹಬ್ಬಿದ ವೇಗಕ್ಕೆ ಸಾಂತಾ ಓಲ್ಗಾ ಎಂಬ ಊರಿಗೆ ಊರೇ ಬೂದಿಯಾಯಿತು. ತೋಪುಗಳ ನಡುವೆ ಸಿಕ್ಕಿಕೊಂಡಿದ್ದ ಕಾಡಿನ ಚೂರುಗಳಿಗೂ ಅದರಿಂದ ಉಳಿಗಾಲವಿರಲಿಲ್ಲ.

ಬುಟ್ಟಿ ಹಿಡಿದವರು ತಪ್ಪಿತಸ್ಥರೇ?

ಲೋಯೋ ಕಡಮೆಯಾಗಲು ಆಯುವವರ ಆಸೆಯೇ ಕಾರಣ ಎಂಬ ಮಾತೂ ಇದೆ. ಅದರಲ್ಲಿ ಸ್ವಲ್ಪ ಸತ್ಯವಿದೆ, ಪೂರ್ತಿ ಸತ್ಯವಿಲ್ಲ.

ಅಣಬೆ ಕೀಳುವುದರಿಂದ ಶಿಲೀಂಧ್ರಕ್ಕೆ ಕೇಡಾಗುವುದೇ ಎಂಬ ಪ್ರಶ್ನೆಯನ್ನು ಸ್ವಿಟ್ಸರ್ಲೆಂಡಿನ ವಿಜ್ಞಾನಿಗಳು 1975ರಲ್ಲಿ ಕೈಗೆತ್ತಿಕೊಂಡರು. ಕಾಡಿನ ಕೆಲವು ಪಾತಿಗಳಲ್ಲಿ ಅಣಬೆಗಳನ್ನು ತಪ್ಪದೆ ಕೀಳುತ್ತ, ಕೆಲವನ್ನು ಮುಟ್ಟದೆ ಬಿಡುತ್ತ 29 ವರ್ಷ ಲೆಕ್ಕವಿಟ್ಟರು. 2006ರಲ್ಲಿ ಹೊರಬಂದ ಫಲಿತಾಂಶ ಹಲವರ ನಿರೀಕ್ಷೆಗೆ ವಿರುದ್ಧವಾಗಿತ್ತು: ಕಿತ್ತ ಕಡೆಯೂ ಕೀಳದ ಕಡೆಯೂ ಮುಂದಿನ ಫಸಲಿನಲ್ಲಿ ವ್ಯತ್ಯಾಸವಿರಲಿಲ್ಲ. ನೆಲವನ್ನು ತುಳಿದು ಗಟ್ಟಿಯಾಗಿಸಿದ ಕಡೆ ಮಾತ್ರ ಅಣಬೆಗಳ ಸಂಖ್ಯೆ ಇಳಿದಿತ್ತು. ಹಣ್ಣನ್ನು ಕಿತ್ತರೆ ಮರ ಸಾಯುವುದಿಲ್ಲ ಎಂಬುದೇ ಇದರ ಅರ್ಥ.

ಹಾಗಿದ್ದರೆ ಲೋಯೋ ವಿಷಯದಲ್ಲಿ ಆತಂಕವೇಕೆ? ಸ್ವಿಟ್ಸರ್ಲೆಂಡಿನ ಪ್ರಯೋಗ ನಡೆದದ್ದು ಅಖಂಡವಾಗಿ ನಿಂತ ಕಾಡಿನಲ್ಲಿ. ಅಲ್ಲಿ ಒಂದು ಪಾತಿಯ ಬೀಜಾಣು ಹೋದರೂ ಪಕ್ಕದ ಕಾಡಿನಿಂದ ಹಾರಿಬರುವ ಬೀಜಾಣುಗಳಿಗೆ ಬರವಿಲ್ಲ. ಚಿಲಿಯಲ್ಲಿ ಉಳಿದಿರುವುದು ಚೂರುಚೂರು ಕಾಡು. ಕಾಡು ಕಡಮೆಯಾದಂತೆ ಉಳಿದ ಚೂರಿಗೆ ಮುಗಿಬೀಳುವ ಕೈಗಳು ಹೆಚ್ಚುತ್ತವೆ. ತಾನು ಬಿಟ್ಟರೆ ಮತ್ತೊಬ್ಬರು ಕಿತ್ತಾರು ಎಂಬ ಭಯದಿಂದ, ಇನ್ನೂ ತರಗೆಲೆಯ ಅಡಿಯಲ್ಲಿರುವ ಮೊಗ್ಗುಗಳನ್ನು ಕೆದಕಿ ತೆಗೆಯುವುದೂ ಉಂಟು. ಪೇಟೆಯಲ್ಲಿಯೂ ಎಳೆಯದಕ್ಕೇ ಬೆಲೆ. ಕೊಡೆ ಬಿಚ್ಚಿ ರಂಧ್ರಗಳು ತೆರೆಯುವ ಮೊದಲೇ ಕಿತ್ತ ಲೋಯೋ ಒಂದೇ ಒಂದು ಬೀಜಾಣುವನ್ನೂ ಗಾಳಿಗೆ ಬಿಟ್ಟಿರುವುದಿಲ್ಲ. ಹಳೆಯ ಮರ ಬಿದ್ದು ಹಳೆಯ ಜಾಲ ಸತ್ತಾಗ, ಹೊಸ ಸಸಿಯ ಬೇರನ್ನು ಸೇರಲು ಹೊಸ ಲೋಯೋ ಬರಬೇಕಾದದ್ದು ಆ ಬೀಜಾಣುವಿನಿಂದಲೇ ಅಲ್ಲವೇ?

ಎಂದಮೇಲೆ ಬುಟ್ಟಿ ಹಿಡಿದವರನ್ನು ಕಾಡಿನಿಂದ ಓಡಿಸುವುದು ಪರಿಹಾರವಲ್ಲ. ಲೋಯೋ ಯಾವ ಮರದ ಬುಡದಲ್ಲಿ, ಯಾವ ಇಳಿಜಾರಿನಲ್ಲಿ, ಎಷ್ಟನೆಯ ಮಳೆಗೆ ಏಳುತ್ತದೆಂಬುದನ್ನು ಬಲ್ಲವರು ಅವರೇ. ಬಲಿತದ್ದನ್ನು ಕೊಯ್ಯಿ, ಎಳೆಯದನ್ನು ಬಿಡು, ಕೆದಕಿದ ತರಗನ್ನು ಮತ್ತೆ ಮುಚ್ಚು ಎಂಬಷ್ಟು ಸರಳವಾದ ಕಟ್ಟಳೆಯನ್ನು ಅವರಿಗಿಂತ ಚೆನ್ನಾಗಿ ಪಾಲಿಸಬಲ್ಲವರು ಯಾರು? ಆದರೆ ಆ ಕಟ್ಟಳೆ ನಿಲ್ಲಬೇಕಾದರೆ ಮೊದಲು ಕಾಡು ನಿಲ್ಲಬೇಕು. ಒಂದು ತೋಪಿಗಾಗಿ ಒಂದು ಬೆಟ್ಟದ ಕಾಡನ್ನೇ ಕಡಿದವನ ಮುಂದೆ ಒಂದು ಬುಟ್ಟಿ ಅಣಬೆ ಕಿತ್ತವಳ ತಪ್ಪು ಎಷ್ಟರದು?

ಶಾಸನದಲ್ಲಿ ಅಣಬೆಗೆ ಸ್ಥಾನ

ಒಂದು ಜೀವಿಯನ್ನು ಉಳಿಸಬೇಕೆಂದರೆ ಮೊದಲು ಅದಕ್ಕೆ ಶಾಸನದಲ್ಲಿ ಹೆಸರಿರಬೇಕು. ಜಗತ್ತಿನ ಬಹುಪಾಲು ದೇಶಗಳ ಶಾಸನಗಳು ಬಲ್ಲ ಜೀವಲೋಕ ಎರಡೇ: ಪ್ರಾಣಿ ಮತ್ತು ಸಸ್ಯ. ಅಣಬೆ ಪ್ರಾಣಿಯಲ್ಲ; ಹಸಿರಿಲ್ಲದ, ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದ ಅದು ಸಸ್ಯವೂ ಅಲ್ಲ. ಶಿಲೀಂಧ್ರಗಳದು ಮೂರನೆಯ ಲೋಕವೆಂದು ವಿಜ್ಞಾನ ಒಪ್ಪಿ ದಶಕಗಳೇ ಕಳೆದರೂ ಶಾಸನದ ಪುಟಗಳಲ್ಲಿ ಅವು ತ್ರಿಶಂಕುವಿನಂತೆ ನಡುವೆಯೇ ನೇತಾಡುತ್ತಿದ್ದುವು.

ಈ ಕೊರತೆಯನ್ನು ನೀಗಿದ ಮೊದಲ ದೇಶವೆಂಬ ಹೆಗ್ಗಳಿಕೆ ಚಿಲಿಯದು. 1994ರ ತನ್ನ ಪರಿಸರ ಶಾಸನಕ್ಕೆ 2010ರಲ್ಲಿ ತಿದ್ದುಪಡಿ ತಂದಾಗ ಚಿಲಿ ಸಸ್ಯ, ಪ್ರಾಣಿಗಳ ಜೊತೆಗೆ ಶಿಲೀಂಧ್ರಗಳನ್ನೂ ಸೇರಿಸಿತು. ಅಳಿವಿನ ಅಪಾಯಕ್ಕನುಸಾರವಾಗಿ ಜೀವಿಗಳನ್ನು ವರ್ಗೀಕರಿಸುವಾಗ ಅಣಬೆಗಳನ್ನೂ ಪರಿಗಣಿಸುವುದು ಇದರಿಂದ ಸಾಧ್ಯವಾಯಿತು. ಈ ತಿದ್ದುಪಡಿಗಾಗಿ ದುಡಿದವರಲ್ಲಿ ಮುಖ್ಯರು ಜೂಲಿಯಾನಾ ಫುರ್ಚಿ ಎಂಬ ಮಹಿಳೆ. ಚಿಲಿಯ ಅಣಬೆಗಳನ್ನು ಕುರಿತು ಕೈಪಿಡಿ ಬರೆದ ಇವರು 2012ರಲ್ಲಿ ಶಿಲೀಂಧ್ರಗಳಿಗಾಗಿಯೇ ಮೀಸಲಾದ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ಸಸ್ಯಸಂಪತ್ತಿಗೆ 'ಫ್ಲೋರ', ಪ್ರಾಣಿಸಂಪತ್ತಿಗೆ 'ಫಾನ' ಎಂಬ ಮಾತುಗಳಿರುವಂತೆ ಶಿಲೀಂಧ್ರಸಂಪತ್ತಿಗೆ 'ಫಂಗ' ಎಂಬ ಮಾತು ಬಳಕೆಗೆ ಬರಲೆಂದು ವಾದಿಸಿದವರಲ್ಲಿ ಅವರೂ ಒಬ್ಬರು. 2021ರಲ್ಲಿ ನಿಸರ್ಗ ಸಂರಕ್ಷಣ ಒಕ್ಕೂಟದ ಜೀವಜಾತಿ ಆಯೋಗ ಆ ಮಾತನ್ನು ಒಪ್ಪಿ ಬಳಸತೊಡಗಿತು.

ಹೆಸರು ಸಿಕ್ಕಿದ್ದರಿಂದ ಲೆಕ್ಕವೂ ಆರಂಭವಾಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 25 ಲಕ್ಷ ಜಾತಿಯ ಶಿಲೀಂಧ್ರಗಳಿವೆ. 2023ರ ವೇಳೆಗೆ ಹೆಸರು ಪಡೆದಿದ್ದುವು ಸುಮಾರು 1,55,000. ಹತ್ತರಲ್ಲಿ ಒಂಬತ್ತು ಪಾಲಿಗೆ ಇನ್ನೂ ನಾಮಕರಣವೇ ಆಗಿಲ್ಲ. 2025ರ ಮಾರ್ಚಿಯಲ್ಲಿ ಕೆಂಪು ಪಟ್ಟಿಯ ಒಟ್ಟು ಜೀವಿಗಳು 1,69,000ವನ್ನು ದಾಟಿದಾಗ ಅದರಲ್ಲಿ ಪರಿಶೀಲಿತವಾದ ಶಿಲೀಂಧ್ರಗಳು 1,300. ಅವುಗಳಲ್ಲಿ 411 ಅಳಿವಿನ ಭಯದಲ್ಲಿದ್ದುವು. 198 ಜಾತಿಗಳಿಗೆ ಕಾಡಿನ ನಾಶವೇ ಕಂಟಕವೆಂದು ಆಗ ಒಕ್ಕೂಟ ತಿಳಿಸಿತು. ಲೋಯೋ ಒಂಟಿಯಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಅದು ಒಂದು ದೊಡ್ಡ ಮೆರವಣಿಗೆಯ ಮುಂದಣ ಸಾಲಿನಲ್ಲಿದೆ, ಅಷ್ಟೆ.

ನಮ್ಮ ಕಾಡಿಗೂ ಈ ವಿಚಾರ ದೂರದ್ದಲ್ಲ. ನೊಥೊಫಾಗಸ್ ಭಾರತದಲ್ಲಿಲ್ಲ; ಲೋಯೋ ಇಲ್ಲ. ಆದರೆ ಬೇರು ಶಿಲೀಂಧ್ರಗಳ ಅಂಥದೇ ಒಪ್ಪಂದ ಪಶ್ಚಿಮಘಟ್ಟದಲ್ಲಿಯೂ ಉಂಟು. ಕೊಡಗಿನ ಉಪ್ಪಂಗಳದ ಮಳೆಕಾಡಿನಲ್ಲಿ ಧೂಪದ ಮರದ ಬಳಗದ ಮರಗಳೊಡನೆ ಹೀಗೆ ಬೇರುಗೂಡಿ ಬಾಳುವ ಹಲವು ಅಣಬೆಗಳನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುರುತಿಸಿತು. ಹಳೆಯ ಕಾಡು ಹೋಗಿ ನೀಲಗಿರಿಯ ತೋಪು ಬಂದ ಗುಡ್ಡಗಳನ್ನು ಕನ್ನಡಿಗರೂ ಕಂಡಿದ್ದಾರೆ. ಅಲ್ಲಿಯ ಮಣ್ಣಿನೊಳಗೆ ಏನೇನು ಮುರಿದುಬಿದ್ದಿತೆಂದು ಎಣಿಸಿದವರು ವಿರಳ.

ಲೋಯೋವನ್ನು ಕುಂಡದಲ್ಲಿಟ್ಟು ಸಾಕಲಾಗದು. ಪಂಜರದಲ್ಲಿ ಕೂಡಿ ಮರಿಮಾಡಿಸಲಾಗದು. ಅದನ್ನು ಉಳಿಸುವ ದಾರಿ ಒಂದೇ: ಬೀಚ್ ಮರಗಳ ಕಾಡನ್ನು ಬೇರುಸಹಿತ ಇದ್ದಲ್ಲಿಯೇ ಉಳಿಸುವುದು, ಹರಿದ ಚೂರುಗಳ ನಡುವೆ ಅದೇ ಮರಗಳನ್ನು ಮತ್ತೆ ನೆಟ್ಟು ಹೊಲಿಯುವುದು. ನಿಸರ್ಗದ ಕಾಡನ್ನು ಕಾಪಾಡಲು 2008ರಲ್ಲಿ ಚಿಲಿ ಪ್ರತ್ಯೇಕ ಶಾಸನವೊಂದನ್ನು ಮಾಡಿತು. ಎರಡು ವರ್ಷಗಳ ಮೇಲೆ ಅಣಬೆಗೂ ಶಾಸನದಲ್ಲಿ ಸ್ಥಾನ ದೊರೆಯಿತು. ಆದರೆ ಮರ ಬೇರೆ, ಅಣಬೆ ಬೇರೆ ಎಂದು ಎರಡು ಕಡತಗಳಲ್ಲಿ ಕಟ್ಟಿಡುವವರೆಗೆ ಎರಡಕ್ಕೂ ಕ್ಷೇಮವಿಲ್ಲ. ನೆಲದ ಮೇಲೆ ಅವು ಎರಡಾಗಿ ಕಂಡರೂ ನೆಲದ ಕೆಳಗೆ ಅವುಗಳ ಬಾಳು ಒಂದೇ. ಇದನ್ನು ಅರಿತು ನಡೆದರೆ ಮಾತ್ರ, ಬರುವ ವರ್ಷಗಳ ಶರತ್ಕಾಲದ ಮೊದಲ ಮಳೆಗೆ ಬುಟ್ಟಿ ಹಿಡಿದು ಹೊರಟ ಮಾಪುಚೆ ಹೆಂಗಸಿನ ಬುಟ್ಟಿ ಬರಿದಾಗದೆ ಮನೆಗೆ ಮರಳೀತು.